ಗಾಜಾದ ‘ಗ’ ಎಲ್ಲಿಂದ ಬಂತು? ಹೀಬ್ರೂ ‘ಅಯಿನ್’ ಅಕ್ಷರದ ಹಳೇ ಉಚ್ಚಾರಣೆ

ಹೇಮಾವತಿ_ತೀರ:

ಇಲ್ಲಿ ಹೀಬ್ರೂ, ಅರಬ್ಬಿ ಬಲ್ಲವರು ಇದ್ದೀರಿ ಅಂತ ಧೈರ್ಯ ಮಾಡಿ ಕೇಳುತ್ತಿದ್ದೇನೆ. ಸುದ್ದಿಯಲ್ಲಿ ನಾವು ‘ಗಾಜಾ’ ಅನ್ನುತ್ತೇವೆ. ಅರಬ್ಬಿ ವಾಹಿನಿಯವರ ಬಾಯಲ್ಲಿ ಅದು ‘ಗ಼ಝ್ಝಾ’. ಆ ‘ಗ’ ನಮ್ಮ ಗ ಅಲ್ಲ, ಉಜ್ಜಿಕೊಂಡು ಬರುವ ಗ. ಇಸ್ರೇಲಿನವರು ಮಾತ್ರ ‘ಅಝಾ’ ಅಂತಾರೆ. ಊರು ಒಂದೇ, ಹೆಸರೂ ಒಂದೇ. ಬೈಬಲಿನ ‘ಗೊಮೋರ’ ಕೂಡ ಹೀಬ್ರೂನಲ್ಲಿ ‘ಅಮೋರಾ’ ಅಂತ ಗೊತ್ತಾದ ಮೇಲೆ ತಲೆ ಇನ್ನೂ ಕೆಟ್ಟಿತು. ಎರಡೂ ಶುರುವಾಗುವುದು ‘ಅಯಿನ್’ ಅನ್ನುವ ಅಕ್ಷರದಿಂದಂತೆ. ಆದರೆ ಯಾಕೋಬ, ಏಸಾವ, ಏಲಿ ಇವುಗಳಲ್ಲೂ ಅಯಿನ್ ಇದೆ. ಅಲ್ಲಿ ಗ ಯಾಕೆ ಬರಲಿಲ್ಲ? ಅಯಿನ್‌ನ ನಿಜವಾದ ಉಚ್ಚಾರ ಯಾವುದು?

ಗಂಟಲಕ್ಷರ:

ಒಳ್ಳೇ ಪ್ರಶ್ನೆ. ‘ನಿಜವಾದ ಉಚ್ಚಾರ’ ಅಂತ ಏಕವಚನದಲ್ಲಿ ಕೇಳಿದ್ದೀರಿ, ತೊಡಕು ಇರುವುದು ಅಲ್ಲೇ. ಒಂದು ಕಾಲದಲ್ಲಿ ಆ ಅಕ್ಷರಕ್ಕೆ ಎರಡು ಉಚ್ಚಾರ ಇತ್ತು.

ಹೀಬ್ರೂ, ಅರಬ್ಬಿ ಸೇರಿದ ಸೆಮಿಟಿಕ್ ಭಾಷೆಗಳ ಮೂಲದಲ್ಲಿ ಗಂಟಲಿನ ಹತ್ತಿರ ಹುಟ್ಟುವ ಎರಡು ಬೇರೆ ಬೇರೆ ವ್ಯಂಜನಗಳಿದ್ದವು. ಒಂದು, ನಾಲಿಗೆಯ ಬುಡವನ್ನು ಹಿಂದಕ್ಕೆ ಎಳೆದು ಗಂಟಲನ್ನೇ ಕಿರಿದು ಮಾಡಿ ಘೋಷದ (ಗಂಟಲ ತಂತಿ ಕಂಪಿಸುವ ಸದ್ದಿನ) ಜೊತೆ ಹೊರಡಿಸುವ ಧ್ವನಿ, ಅರಬ್ಬಿಯ ‘ಐನ್’. ಇನ್ನೊಂದು, ನಾಲಿಗೆಯ ಹಿಂಭಾಗ ಮೃದು ಅಂಗುಳಿಗೆ ತಾಗೀ ತಾಗದಂತೆ ಉಜ್ಜುವ ‘ಗ಼’, ಅರಬ್ಬಿಯ ‘ಗ಼ೈನ್’. ಅರಬ್ಬಿ ಎರಡನ್ನೂ ಇವತ್ತಿಗೂ ಬೇರೆ ಇಟ್ಟುಕೊಂಡಿದೆ. ಹೀಬ್ರೂ ಜನ ಬರೆಯಲು ನೆರೆಯ ಕರಾವಳಿಯ ಫಿನೀಷಿಯನ್ನರ 22 ಅಕ್ಷರಗಳ ಮಾಲೆ ತೆಗೆದುಕೊಂಡರು. ಫಿನೀಷಿಯನ್ನರ ಬಾಯಲ್ಲಿ ಆ ಹೊತ್ತಿಗಾಗಲೇ ಎರಡೂ ಕೂಡಿಕೊಂಡಿದ್ದವು, ಅವರಿಗೆ ಒಂದೇ ಅಕ್ಷರ ಸಾಕಿತ್ತು. ಹೀಬ್ರೂನವರ ಬಾಯಲ್ಲಿ ಕೂಡಿರಲಿಲ್ಲ. ಅಕ್ಷರ ಒಂದು, ಧ್ವನಿ ಎರಡು, ಹಾಗೇ ಸಂಸಾರ ನಡೆಯಿತು.

ಬರವಣಿಗೆ ನೋಡಿದರೆ ಇದು ಕಾಣುವುದೇ ಇಲ್ಲ. ಕಾಣುವುದು ಗ್ರೀಕರ ಕಿವಿಯಲ್ಲಿ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಯಹೂದಿಗಳ ಮೊದಲ ಐದು ಗ್ರಂಥಗಳು ಗ್ರೀಕಿಗೆ ಬಂದವು. ಹೆಸರುಗಳನ್ನು ಅನುವಾದಿಸುವ ಹಾಗಿಲ್ಲವಲ್ಲ, ಕೇಳಿದಂತೆ ಬರೆದರು. ಕೆಲವು ಅಯಿನ್‌ಗೆ ಗಾಮಾ, ಅಂದರೆ ಗ್ರೀಕಿನ ಗ ಅಕ್ಷರ, ಹಾಕಿದರು, ಕೆಲವಕ್ಕೆ ಏನೂ ಹಾಕಲಿಲ್ಲ. ನಿಮ್ಮ ಗಾಜಾ, ಗೊಮೋರ ಎರಡೂ ಆ ಗಾಮಾದ ದಾರಿಯಲ್ಲಿ ಲ್ಯಾಟಿನ್ ದಾಟಿ, ಯುರೋಪು ಸುತ್ತಿ, ಮಿಷನರಿಗಳ ಜೊತೆ ಕನ್ನಡಕ್ಕೆ ಬಂದವು.

ಸಂಶಯಾತ್ಮ:

ಗಂಟಲಕ್ಷರ ಅವರೇ, ವಿವರಣೆ ಚೆನ್ನಾಗಿದೆ, ಆದರೆ ನನಗೆ ಗಂಟಲಲ್ಲಿ ಇಳಿಯುತ್ತಿಲ್ಲ. ಗ್ರೀಕರಿಗೆ ಈ ಐನ್ ಧ್ವನಿಯೇ ಇರಲಿಲ್ಲ. ಇಲ್ಲದ ಧ್ವನಿ ಕೇಳಿದವನು ಒಮ್ಮೆ ಗ ಅಂತ ಬರೆಯುತ್ತಾನೆ, ಒಮ್ಮೆ ಬಿಟ್ಟೇ ಬಿಡುತ್ತಾನೆ. ಅದು ಕೇಳಿದವನ ಗಲಿಬಿಲಿ. ಅದನ್ನು ಹಿಡಿದು ಹೀಬ್ರೂನಲ್ಲಿ ಎರಡು ಧ್ವನಿ ಇತ್ತು ಅನ್ನುವುದು ಹೇಗೆ?

ಗಂಟಲಕ್ಷರ:

ಗಲಿಬಿಲಿಯಾಗಿದ್ದರೆ ಗಾಮಾ ಎಲ್ಲೆಂದರಲ್ಲಿ ಬೀಳಬೇಕಿತ್ತು ಸ್ವಾಮಿ. ಹಾಗೆ ಬಿದ್ದಿಲ್ಲ. ಒಂದೊಂದೇ ನೋಡೋಣ.

ಸತ್ತ ಸಮುದ್ರದ ದಕ್ಷಿಣಕ್ಕಿದ್ದ ಚಿಕ್ಕ ಊರು, ಬೈಬಲಿನಲ್ಲಿ ಬರುವ ಲೋಟ ಎಂಬಾತ ಓಡಿಹೋಗಿ ಸೇರಿಕೊಂಡದ್ದು. ಹೀಬ್ರೂನಲ್ಲಿ ಅದರ ನಡುವಿನ ಅಕ್ಷರ ಅಯಿನ್, ಈಗಿನವರು ‘ತ್ಸೋಅರ್’ ಅನ್ನುತ್ತಾರೆ. ಗ್ರೀಕಿನಲ್ಲಿ ‘ಸೇಗೋರ್’. ‘ಅದು ಚಿಕ್ಕದಲ್ಲವೇ’ ಅಂತ ಲೋಟ ಹೇಳಿದ್ದರಿಂದ ಆ ಹೆಸರು ಬಂತು ಅಂತ ಬೈಬಲಿನ ಮೊದಲ ಗ್ರಂಥ ಆದಿಕಾಂಡವೇ ಹೇಳುತ್ತದೆ. ಅರಬ್ಬಿಯಲ್ಲಿ ಚಿಕ್ಕದು ಅಂದರೆ ‘ಸಗ಼ೀರ್’, ಗ಼ೈನ್ ಇರುವ ಪದ. ಗ್ರೀಕಿನ ಗಾಮಾ, ಅರಬ್ಬಿಯ ಗ಼ೈನ್ ಒಂದೇ ಜಾಗದಲ್ಲಿ ಕೂತಿವೆ. ಗಾಜಾ ಅರಬ್ಬಿಯಲ್ಲಿ ಗ಼ೈನ್, ಗ್ರೀಕಿನಲ್ಲಿ ಗಾಮಾ. ಗೊಮೋರವನ್ನು ನೀರು ಮುಚ್ಚಿಕೊಳ್ಳುವುದು ಎನ್ನುವ ಅರ್ಥದ ಅರಬ್ಬಿ ಗ಼-ಮ-ರ ಧಾತುವಿನ ಜೊತೆ ಹೊಂದಿಸುವುದುಂಟು.

ಈಗ ಗಾಮಾ ಇಲ್ಲದವು. ಯಾಕೋಬ ಅನ್ನುವ ಹೆಸರನ್ನು ಹಿಮ್ಮಡಿಗೆ ಜೋಡಿಸುತ್ತಾರೆ, ಅರಬ್ಬಿ ಹಿಮ್ಮಡಿಯಲ್ಲಿ ಐನ್. ಸಿಮೆಯೋನ ‘ಕೇಳು’ ಧಾತುವಿನಿಂದ, ಅರಬ್ಬಿಯಲ್ಲೂ ಐನ್. ಪ್ರವಾದಿ ಓಬದ್ಯ ಗ್ರೀಕಿನಲ್ಲಿ ‘ಅಬ್ದಿಯು’. ಅದರ ಮೊದಲ ಭಾಗ ಸೇವಕ ಅನ್ನುವ ಪದ, ನಮ್ಮ ಪಕ್ಕದ ಮನೆ ಅಬ್ದುಲ್ಲನ ‘ಅಬ್ದ್’. ಅಲ್ಲೂ ಐನ್. ಕಿವಿ ಗೊಂದಲದಲ್ಲಿದ್ದರೆ, ತಾನು ಕಂಡೇ ಇರದ ಅರಬ್ಬಿ ನಿಘಂಟಿನ ಜೊತೆ ಇಷ್ಟು ಒಪ್ಪಂದ ಹೇಗೆ ಆಗುತ್ತದೆ?

ಅರಬ್ಬಿ ಒಂದೇ ಸಾಕ್ಷಿಯಾಗಿದ್ದರೆ ನೀವು ಇನ್ನೂ ವಾದ ಮಾಡಬಹುದಿತ್ತು. 1928ರಲ್ಲಿ ಸಿರಿಯಾದ ಕರಾವಳಿಯಲ್ಲಿ ಹೊಲ ಉಳುತ್ತಿದ್ದ ರೈತನಿಗೆ ಹಳೇ ಗೋರಿಯ ಕಲ್ಲು ತಾಗಿತು. ಮರುವರ್ಷ ಹತ್ತಿರದ ರಾಸ್ ಶಮ್ರಾ ದಿಬ್ಬ ಅಗೆದಾಗ ಉಗಾರಿತ್ ಪಟ್ಟಣ, ಮಣ್ಣಿನ ಹಲಗೆಗಳು ಸಿಕ್ಕವು. ಹಲಗೆಯ ಮೇಲಿನ ಲಿಪಿ ಮೊಳೆಯಾಕಾರದ್ದು (ಬೆಣೆಲಿಪಿ), ಆದರೆ ವರ್ಣಮಾಲೆ, 30 ಚಿಹ್ನೆ. ಹಾನ್ಸ್ ಬಾವರ್, ಎದುವಾರ್ ದೋರ್ಮ್, ಶಾರ್ಲ್ ವಿರೊಲೊ ಮೂವರೂ ಸೇರಿದಂತೆ ಸೇರದಂತೆ 1930ರ ಹೊತ್ತಿಗೆ ಅದನ್ನು ಬಿಡಿಸಿದರು. ಅದರಲ್ಲಿ ಐನ್‌ಗೆ ಒಂದು ಚಿಹ್ನೆ, ಗ಼ೈನ್‌ಗೆ ಇನ್ನೊಂದು. ಅಲ್ಲಿ ಸೇವಕ ಐನ್‌ನಿಂದ, ಕಣ್ಣು ಐನ್‌ನಿಂದ, ಹುಡುಗ ಗ಼ೈನ್‌ನಿಂದ. ಆ ಪಟ್ಟಣ ಸುಮಾರು ಕ್ರಿಸ್ತಪೂರ್ವ 1185ರಲ್ಲಿ ಹಾಳಾಗಿ ಮಣ್ಣಿನಡಿ ಹೋಯಿತು. ಅಲೆಕ್ಸಾಂಡ್ರಿಯಾದ ಅನುವಾದಕರಿಗೆ ಅದು ಕನಸಿನಲ್ಲೂ ಗೊತ್ತಿರಲಿಲ್ಲ.

ಭೀಮಾ_ದಂಡಿ:

ನೋಡ್ರಿ ಸರ, ಇದನ್ನ ಓದಿ ನನಗ ನಗು ಬಂತು. ಇದೇ ಆಟ ನಮ್ಮ ಕನ್ನಡದಾಗನೂ ಅದ, ಯಾರೂ ಲಕ್ಷ್ಯ ಕೊಟ್ಟಿಲ್ಲ.

ಅರಬ್ಬಿ ಮೂಲದ ಪದ ತಗೋರಿ. ಅರ್ಜಿ, ಇಲಾಖೆ, ಇನಾಮು, ಅದಾಲತ್ತು, ತಾಲೂಕು. ಎಲ್ಲಾದರಾಗೂ ಮೂಲದಾಗ ಐನ್ ಅದ, ನಮ್ಮಲ್ಲಿ ಅದು ಮಾಯ. ಈಗ ಇವು ನೋಡ್ರಿ: ಗರೀಬ, ಗುಲಾಮ, ಗೈರುಹಾಜರಿ. ಮೂಲದಾಗ ಗ಼ೈನ್, ನಮ್ಮಲ್ಲಿ ಗ. ಒಂದಕ್ಕ ಸೊನ್ನಿ, ಇನ್ನೊಂದಕ್ಕ ಗ. ಗ್ರೀಕರು ಮಾಡಿದ್ದೂ ಇದನ್ನ ಅಲ್ಲೇನ್ರಿ? ಸಾವಿರ ವರ್ಷ ಆದಮ್ಯಾಲೆ ಯಾರಾರ ಕನ್ನಡ ನಿಘಂಟು ಹಿಡ್ಕೊಂಡು ಅರಬ್ಬಿಯೊಳಗ ಎರಡು ಧ್ವನಿ ಇದ್ವು ಅಂತ ಸಿದ್ಧ ಮಾಡಬಹುದು.

ಇನ್ನೊಂದು ಮಜಾ. ನಮ್ಮ ಕಡೆ ‘ಐನ್ ಟೈಮಿಗೆ ಕೈಕೊಟ್ಟ’ ಅಂತೀವಿ, ಸರಿಯಾಗಿ ಅದೇ ಹೊತ್ತಿಗೆ ಅಂತ. ಆ ಐನ್ ಮರಾಠಿ ಹಾದು ಬಂದ ಅರಬ್ಬಿ ಐನ್. ಕಣ್ಣು ಅಂತನೂ ಆಗ್ತದ, ಅದೇ ಅಂಬೋ ಅರ್ಥನೂ ಆಗ್ತದ, ಈ ಅಕ್ಷರದ ಹೆಸರೂ ಅದೇ. ನಾವು ದಿನಾ ಅಂತೀವಿ, ಆದರ ಅದರೊಳಗಿನ ಐನ್ ಮಾತ್ರ ಅನ್ನಂಗಿಲ್ಲ.

ಸಂಶಯಾತ್ಮ:

ಭೀಮಾ_ದಂಡಿ ಅವರ ಪಟ್ಟಿ ಚೆಂದ ಇದೆ, ಒಪ್ಪಿದೆ. ಆದರೆ ಒಂದು ತಕರಾರು. ಆ ಪದಗಳು ಅರಬ್ಬರ ಬಾಯಿಂದ ನೇರ ನಮಗೆ ಬಂದಿಲ್ಲ. ಫಾರ್ಸಿ, ದಖನಿ, ಮರಾಠಿ ಮೂಲಕ ಬಂದವು. ಫಾರ್ಸಿಯವರೇ ಐನ್ ಅನ್ನು ಸದ್ದಿಲ್ಲದೆ ಮಾಡಿ, ಗ಼ೈನ್ ಉಳಿಸಿಕೊಂಡಿದ್ದರು. ಅಂದರೆ ಜರಡಿ ಹಿಡಿದದ್ದು ಕನ್ನಡದ ಕಿವಿ ಅಲ್ಲ, ಫಾರ್ಸಿಯ ಕಿವಿ.

ಭೀಮಾ_ದಂಡಿ:

ಹೌದ್ರಿ, ಜರಡಿ ಯಾರದಾದರೂ ಇರಲಿ. ಐನ್ ಇಲ್ಲದ ಭಾಷಾದವರಿಗೆ ಐನ್ ಕೇಳಂಗಿಲ್ಲ, ಗ಼ೈನ್ ಕೇಳ್ತದ. ಫಾರ್ಸಿಯವರಿಗೂ ಹಂಗ, ಗ್ರೀಕರಿಗೂ ಹಂಗ. ನನ್ನ ಮಾತು ಇಷ್ಟ.

ಗಂಟಲಕ್ಷರ:

ಗುಲಾಮ ಪದವನ್ನು ಹಾಗೇ ಬಿಟ್ಟು ಮುಂದೆ ಹೋಗಬೇಡಿ. ಅರಬ್ಬಿಯಲ್ಲಿ ‘ಗ಼ುಲಾಮ್’ ಅಂದರೆ ಮೊದಲು ಹುಡುಗ, ಆಳು ಅನ್ನುವುದು ಆಮೇಲಿನ ಅರ್ಥ. ಉಗಾರಿತ್‌ನ ಹಲಗೆಗಳಲ್ಲಿ ಕಿರ್ತ ರಾಜನನ್ನು ‘ಎಲ್ ದೇವರ ಗ಼-ಲ-ಮ’ ಅಂತ ಕರೆದಿದೆ. ಅದೇ ಪದ ಹೀಬ್ರೂನಲ್ಲಿ ‘ಎಲೆಮ್’, ಹೆಣ್ಣಾದರೆ ‘ಅಲ್ಮಾ’. ಯೆಶಾಯನ 7ನೇ ಅಧ್ಯಾಯದ 14ನೇ ವಚನದಲ್ಲಿ ಕನ್ಯೆಯೋ ಯುವತಿಯೋ ಅಂತ ಎರಡು ಸಾವಿರ ವರ್ಷ ಜಗಳ ಆಡಿದ್ದಾರಲ್ಲ, ಅದೇ ಅಲ್ಮಾ. ಅವಳೂ ನಮ್ಮ ಇಸ್ಪೀಟಿನ ಗುಲಾಮನೂ ಒಂದೇ ಮನೆಯವರು. ಹೀಬ್ರೂ ಬಾಯಲ್ಲಿ ಮೊದಲಿನ ಗ಼ ಸವೆದು ಹೋಯಿತು, ಅಷ್ಟೇ.

ಬಲ್ಲವನೇ_ಬಲ್ಲ:

ಎಲ್ಲ ಭಾಷೆಗಳ ತಾಯಿ ಸಂಸ್ಕೃತ. ಅಯಿನ್ ಅನ್ನುವುದು ‘ಅಯನ’ದ ಅಪಭ್ರಂಶ. ಇಷ್ಟು ಸರಳ ವಿಷಯಕ್ಕೆ ಗ್ರೀಕು, ಸಿರಿಯಾ ಎಲ್ಲ ಯಾಕೆ ಸುತ್ತುತ್ತೀರಿ?

ಮೇಟಿ (ನಿರ್ವಾಹಕ):

ಆ ವಾದಕ್ಕೆ ಇಲ್ಲಿ ಬೇರೆ ಥ್ರೆಡ್ ಇದೆ, ದೊಡ್ಡದೇ ಇದೆ. ದಯವಿಟ್ಟು ಅಲ್ಲಿ ಹಾಕಿ.

ಕಡಲ_ಮಗಳು:

ಮಾರಾಯ್ರೆ, ಎಂತ ಚಂದದ ಥ್ರೆಡ್! ನಾನು ಮಂಗಳೂರಿನವಳು, ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ನಮ್ಮ ಕಡೆಯವರು ಇಲ್ಲಿ ತುಂಬ ಜನ ಇದ್ದಾರೆ, ನಿಮಗೆ ಗೊತ್ತಿರಬಹುದು. ಹೀಬ್ರೂ ಪುಸ್ತಕದಿಂದ ಕಲಿತದ್ದಲ್ಲ, ಅಡುಗೆಮನೆಯಲ್ಲಿ ಮತ್ತು ಆಸ್ಪತ್ರೆಯ ಸಾಲಿನಲ್ಲಿ ಕಲಿತದ್ದು.

ನಾನು ನೋಡಿಕೊಳ್ಳುವ ಅಜ್ಜಿ ಯೆಮನ್‌ನಲ್ಲಿ ಹುಟ್ಟಿದವರು, 1949-50ರಲ್ಲಿ ವಿಮಾನದಲ್ಲಿ ಯೆಮನಿನ ಯಹೂದಿಗಳನ್ನೆಲ್ಲ ತಂದರಲ್ಲ, ಆಗ ಮಗುವಾಗಿ ಬಂದವರು. ಅವರು ‘ನಾಲ್ಕು’ ಅನ್ನಲಿಕ್ಕೆ ‘ಅರ್ಬಾ’ ಅಂದರೆ ಕೊನೆಯಲ್ಲಿ ಗಂಟಲು ಹಿಡಿದ ಹಾಗೆ ಒಂದು ಸದ್ದು ಉಂಟು. ಮೊಮ್ಮಕ್ಕಳು ಬರೀ ‘ಅರ್ಬಾ’ ಅಂತಾರೆ, ಬಾಯಿ ತೆರೆದು ಬಿಟ್ಟ ಹಾಗೆ. ಅಜ್ಜಿಗೆ ಇದು ಸರಿ ಬರುವುದಿಲ್ಲ.

ಚರ್ಮದ ಡಾಕ್ಟರಲ್ಲಿಗೆ ಹೋಗುವ ದಿನ ನಾನು ‘ರೋಫೆ ಓರ್’ ಅಂದೆ. ಅಜ್ಜಿ ವೀಲ್‌ಚೇರಿನಿಂದಲೇ ಹೇಳಿದರು, ‘ನೀನು ನನ್ನನ್ನು ಬೆಳಕಿನ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತಾ ಇದ್ದೀಯಾ?’ ಅಂತ. ಆಲೆಫ್‌ನಿಂದ (ಹೀಬ್ರೂವಿನ ಮೊದಲ ಅಕ್ಷರ) ಬರೆದರೆ ಓರ್ ಅಂದರೆ ಬೆಳಕು, ಅಯಿನ್‌ನಿಂದ ಬರೆದರೆ ಚರ್ಮ. ಇಲ್ಲಿ ಹೆಚ್ಚಿನವರ ಬಾಯಲ್ಲಿ ಎರಡೂ ಒಂದೇ. ಟಿಕೆಟ್ ಕೊಡುವ ಹುಡುಗಿಗೆ ನನ್ನ ಓರ್ ಅರ್ಥ ಆಯಿತು, ಅಜ್ಜಿಯ ಓರ್ ಕೇಳಿ ನಕ್ಕಳು. ಅವಳ ಅಜ್ಜಿಯೂ ಹಾಗೇ ಹೇಳುತ್ತಿದ್ದರಂತೆ, ಇರಾಕಿನವರು.

ಹೇಮಾವತಿ_ತೀರ:

ಮೇಡಂ, ಇದು ಚಿನ್ನದಂಥ ಮಾಹಿತಿ! ಆ ಧ್ವನಿ ಹೊರಡಿಸುವುದು ಹೇಗೆ? ನಾನು ಬೆಳಗಿನಿಂದ ಮಾಡುತ್ತಿದ್ದೇನೆ, ಹೆಂಡತಿ ಕಷಾಯ ಮಾಡಿಕೊಡಲಾ ಅಂತ ಕೇಳಿದಳು.

ಗಂಟಲಕ್ಷರ:

ಡಾಕ್ಟರು ನಾಲಿಗೆ ಒತ್ತಿ ‘ಆ ಅನ್ನಿ’ ಎಂದಾಗ ಗಂಟಲು ಒಳಗೆ ಹಿಂಡಿಕೊಳ್ಳುತ್ತದಲ್ಲ, ಆ ಜಾಗ. ಅಲ್ಲಿ ಹಿಂಡಿಕೊಂಡೇ ಘೋಷ ನಿಲ್ಲಿಸದೆ ‘ಅ’ ಅನ್ನಿ. ಉಜ್ಜಬೇಡಿ, ಉಜ್ಜಿದರೆ ಗ಼ ಆಗುತ್ತದೆ. ಕೆಮ್ಮು ಬಂದರೆ ತಪ್ಪು ಜಾಗ.

ಕಡಲ_ಮಗಳು ಅವರ ಅಜ್ಜಿಯ ಬಾಯಲ್ಲಿ ಉಳಿದಿರುವುದು ಎರಡರಲ್ಲಿ ಒಂದು, ಐನ್. ಯೆಮನ್, ಇರಾಕ್, ಸಿರಿಯಾದ ಯಹೂದಿಗಳು ಅದನ್ನು ಕಾಪಾಡಿಕೊಂಡರು, ಸುತ್ತ ಅರಬ್ಬಿ ಇದ್ದದ್ದು ನೆರವಾಯಿತು. ಪೂರ್ವ ಯುರೋಪಿನವರು ಕಳೆದುಕೊಂಡರು. ಅವರ ಮನೆಮಾತು ಯಿದ್ದಿಷ್ ಅನ್ನು ಬರೆಯುವವರು ಖಾಲಿ ಬಿದ್ದ ಅಯಿನ್ ಅಕ್ಷರವನ್ನು ‘ಎ’ ಸ್ವರಕ್ಕೆ ಬಳಸಿಕೊಂಡರು. ಆಮ್‌ಸ್ಟರ್‌ಡ್ಯಾಮಿನ ಪೋರ್ಚುಗೀಸ್ ಯಹೂದಿಗಳು, ಇಟಲಿಯ ಕೆಲವರು ಅದನ್ನು ಮೂಗಿಗೆ ತಿರುಗಿಸಿದರು, ನಮ್ಮ ‘ಙ’ ಥರ. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತ ಙ ಅಲ್ಲಿ ಅಯಿನ್‌ನ ಬದಲಿಗೆ ದುಡಿಯುತ್ತಿದೆ.

ಕನ್ನಡ ಬೈಬಲಿನಲ್ಲೂ ಅಯಿನ್‌ನ ಹೆಜ್ಜೆ ಗುರುತು ಇದೆ. ಪದದ ಕೊನೆಯಲ್ಲಿ ಅಯಿನ್ ಬಂದು ಅದರ ಹಿಂದೆ ಏ, ಊ ಥರದ ಸ್ವರವಿದ್ದರೆ, ಗಂಟಲು ಹಿಂಡುವ ಮೊದಲು ಒಂದು ಸಣ್ಣ ‘ಅ’ ತಾನಾಗಿ ಜಾರಿಕೊಳ್ಳುತ್ತದೆ. ಯೆಹೋಶುವ, ಹೋಶೇಯ ಈ ಹೆಸರುಗಳ ಕೊನೆಯ ಅಕಾರ ಅದೇ. ಅಯಿನ್ ಸತ್ತರೂ ಅದು ಜಾರಿಸಿದ ‘ಅ’ ಟೆಲ್ ಅವೀವಿನವರ ಬಾಯಲ್ಲೂ ಇದೆ, ನಮ್ಮ ಬಾಯಲ್ಲೂ ಇದೆ.

ವೇದಾಂತಶಾಲೆ_ಬೆಂಗಳೂರು:

ಸೆಮಿನರಿಯಲ್ಲಿ ಹೀಬ್ರೂ ಓದಿದವನು ನಾನು. ಕಡಲ_ಮಗಳು ಹೇಳಿದ ಚರ್ಮ-ಬೆಳಕಿನ ಗೊಂದಲ ನಿನ್ನೆ ಮೊನ್ನೆಯದಲ್ಲ. ದೇವರು ಆದಾಮ ಹವ್ವರಿಗೆ ಚರ್ಮದ ಅಂಗಿ ತೊಡಿಸಿದ ಅಂತ ಆದಿಕಾಂಡದಲ್ಲಿದೆಯಲ್ಲ. ರಬ್ಬಿ ಮೇಯಿರ್ ಬಳಿಯಿದ್ದ ಪ್ರತಿಯಲ್ಲಿ ಅದು ಆಲೆಫ್‌ನಿಂದ ಬರೆದಿತ್ತು, ‘ಬೆಳಕಿನ ಅಂಗಿ’ ಅಂತ, ಎಂದು ಹಳೇ ರಬ್ಬಿಗಳ ಟೀಕೆ ದಾಖಲಿಸಿದೆ. ಅದು ಕಿವಿಯ ತಪ್ಪೋ ಬೇಕೆಂದೇ ಮಾಡಿದ ವ್ಯಾಖ್ಯಾನವೋ, ಆಲೆಫ್ ಮತ್ತು ಅಯಿನ್ ಹತ್ತಿರ ಬಂದಿದ್ದವು ಅನ್ನುವುದಂತೂ ಅದರಲ್ಲಿ ಕಾಣುತ್ತದೆ.

ಬಾಬಿಲೋನಿನ ತಾಲ್ಮುದ್ ಎಂಬ ಯಹೂದಿ ಧರ್ಮಗ್ರಂಥದಲ್ಲಿ ಇನ್ನೂ ನೇರವಾಗಿ ಬರುತ್ತದೆ. ಮೆಗಿಲ್ಲಾ ಭಾಗದಲ್ಲಿ ಹೇಳುತ್ತಾರೆ: ಬೇತ್ ಶೆಆನ್, ಹೈಫಾ, ತಿವೋನ್ ಊರಿನವರನ್ನು ಪ್ರಾರ್ಥನೆ ನಡೆಸಲು ಮುಂದೆ ನಿಲ್ಲಿಸಬೇಡಿ, ಅವರು ಆಲೆಫನ್ನು ಅಯಿನ್ ಮಾಡುತ್ತಾರೆ, ಅಯಿನನ್ನು ಆಲೆಫ್ ಮಾಡುತ್ತಾರೆ. ಎರುವಿನ್ ಭಾಗದಲ್ಲಿ ಗಲಿಲಾಯದವನ ಪಾಡು ಬರುತ್ತದೆ. ಅವನು ‘ಅಮರ್ ಯಾರ ಹತ್ತಿರ ಇದೆ?’ ಅಂತ ಕೇಳಿದ. ‘ಏ ಗಲಿಲಾಯದ ಪೆದ್ದ, ಸವಾರಿಗೆ ಕತ್ತೆಯೋ, ಕುಡಿಯಲು ದ್ರಾಕ್ಷಾರಸವೋ, ಉಡಲು ಉಣ್ಣೆಯೋ, ಕಡಿಯಲು ಕುರಿಮರಿಯೋ?’ ಅಂತ ಅವನಿಗೇ ತಿರುಗಿ ಕೇಳಿದರು. ಅರಮಾಯಿಕ್‌ನಲ್ಲಿ (ಆಗ ಅಲ್ಲಿನವರು ಆಡುತ್ತಿದ್ದ, ಹೀಬ್ರೂವಿನ ಸೋದರ ಭಾಷೆ) ಇವೆಲ್ಲ ಗಂಟಲಿನ ಬೇರೆ ಬೇರೆ ವ್ಯಂಜನದಿಂದ ಶುರುವಾಗುವ ಪದಗಳು, ಅವನ ಬಾಯಲ್ಲಿ ಎಲ್ಲ ‘ಅಮರ್’. ದಕ್ಷಿಣದ ಯೂದಾಯದವರು ಉತ್ತರದ ಗಲಿಲಾಯದವರನ್ನು ಹೀಗೆ ಆಡಿಕೊಂಡು ನಗುತ್ತಿದ್ದರು. ಯೇಸುವಿನ ಶಿಷ್ಯ ಪೇತ್ರನ ಮಾತಿನ ರೀತಿಯೇ ಅವನನ್ನು ತೋರಿಸಿಕೊಡುತ್ತದೆ ಅಂತ ಮತ್ತಾಯನಲ್ಲಿ ಬರುವುದು ನೆನಪಿದೆಯಾ? ಯಾವ ಧ್ವನಿ ಸಿಕ್ಕಿಬೀಳಿಸಿತು ಅಂತ ಅಲ್ಲಿ ಬರೆದಿಲ್ಲ, ಆದರೆ ಗಲಿಲಾಯದ ಮಾತು ಜನಕ್ಕೆ ತಟ್ಟನೆ ಗೊತ್ತಾಗುತ್ತಿತ್ತು.

1947ರಲ್ಲಿ ಸತ್ತ ಸಮುದ್ರದ ಬಳಿಯ ಕುಮ್ರಾನ್ ಗುಹೆಯಲ್ಲಿ ಸಿಕ್ಕ ದೊಡ್ಡ ಯೆಶಾಯ ಸುರುಳಿಯಲ್ಲೂ ಲಿಪಿಕಾರರು ಈ ಗಂಟಲಕ್ಷರಗಳನ್ನು ಅಲ್ಲಲ್ಲಿ ಅದಲು ಬದಲು ಮಾಡಿದ್ದಾರೆ, ಬಿಟ್ಟಿದ್ದಾರೆ.

ಹಳಗನ್ನಡ_ಪ್ರೇಮಿ:

ನಮ್ಮ ೞ ಕಥೆಯೂ ಲಿಪಿಕಾರರ ತಪ್ಪಿನಿಂದಲೇ ಗೊತ್ತಾಗಿದ್ದು. ಶಾಸನದಲ್ಲಿ ೞ ಇರಬೇಕಾದ ಕಡೆ ಳ ಬರೆಯಲು ಶುರುವಾದಾಗ, ಬಾಯಲ್ಲಿ ಎರಡೂ ಕೂಡಿದವು ಅಂತ ಲೆಕ್ಕ. ವ್ಯತ್ಯಾಸ ಏನೆಂದರೆ ನಮಗೆ ಎರಡು ಅಕ್ಷರ ಇತ್ತು, ತಪ್ಪು ಕಾಣಿಸಿತು. ಅವರಿಗೆ ಐನ್, ಗ಼ೈನ್ ಎರಡಕ್ಕೂ ಒಂದೇ ಅಕ್ಷರ, ಕೂಡಿದರೂ ಬರಹದಲ್ಲಿ ತಪ್ಪೇ ಆಗುವುದಿಲ್ಲ. ಹಾಗಾದರೆ ಯಾವಾಗ ಕೂಡಿತು ಅಂತ ಹೇಳುವುದು ಹೇಗೆ?

ಗಂಟಲಕ್ಷರ:

ಮತ್ತೆ ಗ್ರೀಕೇ ಗತಿ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಮೋಶೆಯ ಐದು ಗ್ರಂಥ ಅನುವಾದ ಮಾಡಿದವರಿಗೆ ಎರಡು ಧ್ವನಿ ಕೇಳಿಸುತ್ತಿತ್ತು, ಕೊನೇ ಪಕ್ಷ ಗ್ರಂಥ ಓದುವಾಗಿನ ಉಚ್ಚಾರದಲ್ಲಿ. ಕ್ರಿಸ್ತಶಕ 3ನೇ ಶತಮಾನದಲ್ಲಿ ಕ್ರೈಸ್ತ ವಿದ್ವಾಂಸ ಓರಿಗೆನ್ ತನ್ನ ದೊಡ್ಡ ತುಲನಾ ಗ್ರಂಥದಲ್ಲಿ ಹೀಬ್ರೂ ಪಾಠವನ್ನು ಗ್ರೀಕ್ ಅಕ್ಷರದಲ್ಲಿ ಬರೆದ ಕಾಲಂ ಇಟ್ಟಿದ್ದ. ಅಲ್ಲಿ ಅಯಿನ್‌ಗೆ ಗಾಮಾ ಇಲ್ಲ. ಬದಲಾವಣೆ ಈ ಎರಡರ ನಡುವೆ. ಇಸ್ರೇಲಿ ವಿದ್ವಾಂಸ ಯೆಹೋಶುವ ಬ್ಲಾವ್ 1982ರಲ್ಲಿ ಈ ಗ್ರೀಕ್ ಹೆಸರುಗಳನ್ನು ಒಂದೊಂದಾಗಿ ಜಾಲಾಡಿ, ಅಯಿನ್ ಮತ್ತು ಹೇತ್ (ಇನ್ನೊಂದು ಗಂಟಲಿನ ಅಕ್ಷರ) ಎರಡೂ ಅಕ್ಷರಕ್ಕೆ ಇಬ್ಬಿಬ್ಬರು ಯಜಮಾನರಿದ್ದರು ಅಂತ ವಾದಿಸಿದರು.

ನಕ್ಷೆಯ ಸಾಕ್ಷಿ ನನಗೆ ಎಲ್ಲಕ್ಕಿಂತ ಇಷ್ಟ. ಜೋರ್ಡಾನಿನ ಮಾದಬಾ ಊರಿನ ಚರ್ಚಿನ ನೆಲದಲ್ಲಿ 6ನೇ ಶತಮಾನದ ಬಣ್ಣದ ಕಲ್ಲಿನ ನಕ್ಷೆ ಇದೆ. ಲೋಟನ ಆ ಚಿಕ್ಕ ಊರಿಗೆ ಅದರಲ್ಲಿ ‘ಜೋಓರ’ ಅಂತ ಈಗಿನ ಹೆಸರು ಕೊಟ್ಟಿದೆ. ಅದೇ ಗ್ರೀಕ್ ಲಿಪಿ, ಅದೇ ಊರು, ಬೈಬಲಿನ ಸೇಗೋರ್‌ನಲ್ಲಿದ್ದ ಗಾಮಾ ಮಾಯ.

ಸಂಶಯಾತ್ಮ:

ಇಲ್ಲೇ ಹಿಡಿಯುತ್ತೇನೆ. ಆಮೇಲೆ ಬಂದ ಅರಬ್ ಭೂಗೋಳಕಾರರು ಅದೇ ಊರನ್ನು ‘ಜುಗ಼ರ್’ ಅಂತ ಬರೆದಿದ್ದಾರೆ, ಗ಼ೈನ್ ಹಾಕಿ. ಸತ್ತ ಧ್ವನಿ ಮತ್ತೆ ಹೇಗೆ ಎದ್ದು ಬಂತು?

ಗಂಟಲಕ್ಷರ:

ಹೀಬ್ರೂ, ಅರಮಾಯಿಕ್ ಬಾಯಲ್ಲಿ ಸತ್ತಿತು, ಅರಬ್ಬಿ ಬಾಯಲ್ಲಿ ಸಾಯಲೇ ಇಲ್ಲ. ಆ ಪ್ರದೇಶ ಹಳೇ ಕಾಲದ ನಬಾತಿಯನ್ನರು ಅನ್ನುವ ಜನರದ್ದು. ಅವರು ಬರೆಯುತ್ತಿದ್ದದ್ದು ಅರಮಾಯಿಕ್, ಅವರ ನಡುವೆ ಅರಬ್ಬಿ ಮಾತೂ ಇತ್ತು. ಊರಿನ ಹೆಸರು ಅಂಥವರ ನಾಲಿಗೆಯ ಮೇಲೆ ಗ಼ ಇಟ್ಟುಕೊಂಡೇ ಉಳಿದಿರಬಹುದು. ಗಾಜಾಕ್ಕೂ ಇದೇ ಮಾತು.

ಹೇಮಾವತಿ_ತೀರ:

ಒಂದು ಅಕ್ಷರಕ್ಕೆ ಎರಡು ಧ್ವನಿ ಇದ್ದರೆ ಚುಕ್ಕಿ ಇಟ್ಟು ಬೇರೆ ಮಾಡಬಹುದಿತ್ತಲ್ಲ? ಶಿನ್ ಅಕ್ಷರಕ್ಕೆ ಬಲಕ್ಕೊಂದು ಎಡಕ್ಕೊಂದು ಚುಕ್ಕಿ ಇಟ್ಟಿದ್ದಾರೆ ಅಂತ ಓದಿದ್ದೆ.

ವೇದಾಂತಶಾಲೆ_ಬೆಂಗಳೂರು:

ಶಿನ್‌ಗೆ ಚುಕ್ಕಿ ಇಟ್ಟವರು ಹೀಬ್ರೂ ಬೈಬಲಿನ ಪಾಠ ಕಾಪಾಡಿದ ಮಸೋರಾ ಪಂಡಿತರು, ಕ್ರಿಸ್ತಶಕ ಮೊದಲ ಸಹಸ್ರಮಾನದ ಕೊನೆಯ ಶತಮಾನಗಳಲ್ಲಿ. ಅವರು ಓದುವಾಗ ಕೇಳಿಸುತ್ತಿದ್ದ ವ್ಯತ್ಯಾಸಕ್ಕೆ ಮಾತ್ರ ಗುರುತು ಹಾಕಿದರು. ಶಿನ್‌ನ ಎರಡು ಧ್ವನಿ ಪಾರಾಯಣದಲ್ಲಿ ಉಳಿದಿತ್ತು. ಅಯಿನ್‌ನ ಗ಼ ಆಗಲೇ ಹೋಗಿತ್ತು, ಯಾವುದಕ್ಕೆ ಚುಕ್ಕಿ ಇಡುವುದು?

ಚುಕ್ಕಿ ಇಟ್ಟವರು ಅರಬ್ಬರು. ಅವರ ಲಿಪಿಯೂ ಇದೇ 22 ಅಕ್ಷರದ ಮನೆತನದಿಂದ ನಬಾತಿಯನ್ನರ ಮೂಲಕ ಬಂದದ್ದು. ಐನ್ ಮೇಲೆ ಒಂದು ಚುಕ್ಕಿ ಇಟ್ಟರು, ಗ಼ೈನ್ ಆಯಿತು. ತಮಾಷೆ ಏನೆಂದರೆ ಮಧ್ಯಯುಗದ ಯಹೂದಿಗಳು ಹೀಬ್ರೂ ಲಿಪಿಯಲ್ಲಿ ಅರಬ್ಬಿ ಬರೆಯುವಾಗ ಗ಼ೈನ್‌ಗೆ ಅಯಿನ್ ಮುಟ್ಟಲಿಲ್ಲ, ಹೀಬ್ರೂವಿನ ಗ ಅಕ್ಷರ ಗಿಮೆಲ್ ಬಳಸಿದರು. ಗಿಮೆಲ್ ಮೃದುವಾದಾಗ ಅವರ ಬಾಯಲ್ಲಿ ಗ಼ ಆಗುತ್ತಿತ್ತು. ಕಡಲ_ಮಗಳು ಅವರ ಯೆಮನಿನ ಅಜ್ಜಿಯ ಪಾರಾಯಣದಲ್ಲಿ ಈಗಲೂ ಅದು ಕೇಳಿಸಬಹುದು, ಗಮನಿಸಿ.

ಕಡಲ_ಮಗಳು:

ಅಜ್ಜಿ ಪಾರಾಯಣ ಮಾಡುವುದಿಲ್ಲ, ಅಣ್ಣಂದಿರು ಮಾಡ್ತಿದ್ದರಂತೆ. ಶನಿವಾರ ಅವರ ತಮ್ಮ ಬರ್ತಾರೆ, ಕೇಳ್ತೇನೆ. ‘ಶ್ಮಾ ಯಿಸ್ರಾಯೇಲ್’ ಪ್ರಾರ್ಥನೆ ಮಾತ್ರ ಅಜ್ಜಿ ದಿನಾ ಹೇಳ್ತಾರೆ. ‘ಶ್ಮಾ’ದ ಕೊನೆಯ ಅಯಿನ್ ಅಲ್ಲಿ ಗಟ್ಟಿ. ಧರ್ಮಗ್ರಂಥದ ಸುರುಳಿಯಲ್ಲಿ ಆ ಅಯಿನ್ ದೊಡ್ಡದಾಗಿ ಬರೆದಿರ್ತದೆ ಅಂತ ಅವರೇ ಹೇಳಿದ್ದು.

ವೇದಾಂತಶಾಲೆ_ಬೆಂಗಳೂರು:

ಹೌದು, ಧರ್ಮೋಪದೇಶಕಾಂಡ 6:4. ಮೊದಲ ಪದದ ಅಯಿನ್, ಕೊನೆಯ ಪದದ ದಾಲೆತ್ ಎರಡೂ ದೊಡ್ಡವು. ಸೇರಿಸಿ ಓದಿದರೆ ಸಾಕ್ಷಿ ಅನ್ನುವ ಪದ ಆಗುತ್ತದೆ.

ಭೀಮಾ_ದಂಡಿ:

ಸರ, ಬೆಣೆಲಿಪಿಯವರು, ಅಸ್ಸೀರಿಯಾದವರು ಹೆಂಗ ಬರದಾರ? ಅವರು ಗ್ರೀಕರಿಗಿಂತ ಹಳಬರಲ್ಲೇನು?

ಗಂಟಲಕ್ಷರ:

ಹಳಬರೇ, ಆದರೆ ಈ ವಿಷಯದಲ್ಲಿ ದುರ್ಬಲ ಸಾಕ್ಷಿ. ಅವರ ಅಕ್ಕಾಡಿಯನ್ ಭಾಷೆ ಎರಡೂ ಧ್ವನಿ ಕಳೆದುಕೊಂಡಿತ್ತು, ಲಿಪಿಯಲ್ಲೂ ಇರಲಿಲ್ಲ. ಪರದೇಶದ ಹೆಸರು ಬಂದಾಗ ಹತ್ತಿರದ ‘ಖ’ ಚಿಹ್ನೆ ಹಾಕುತ್ತಿದ್ದರು. ಕ್ರಿಸ್ತಪೂರ್ವ 734ರಲ್ಲಿ ಗಾಜಾದ ಮೇಲೆ ದಂಡೆತ್ತಿ ಹೋದ ಮೂರನೇ ತಿಗ್ಲತ್ ಪಿಲೆಸರನ ಶಾಸನದಲ್ಲಿ ಅದು ‘ಖಝ್ಝುತು’. ಇಲ್ಲಿ ಗ಼ ಬದಲು ಖ ಅಂತ ಖುಷಿಪಡುವ ಮೊದಲು ಇಸ್ರೇಲಿನ ರಾಜ ಒಮ್ರಿಯನ್ನು ನೋಡಿ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಅಸ್ಸೀರಿಯಾದ ರಾಜ ಶಲ್ಮನೇಸರನ ಕಪ್ಪು ಕಂಬದ ಮೇಲೆ ಇಸ್ರೇಲಿನ ಇನ್ನೊಬ್ಬ ರಾಜ ಯೇಹುವನ್ನು ‘ಖುಮ್ರಿಯ ಮಗ’ ಅಂತ ಬರೆದಿದೆ. ಅದೇ ಒಮ್ರಿ ಗ್ರೀಕಿನಲ್ಲಿ ‘ಅಂಬ್ರಿ’, ಗಾಮಾ ಇಲ್ಲ. ಅಂದರೆ ಅಸ್ಸೀರಿಯಾದವರು ಐನ್‌ಗೂ ಖ, ಗ಼ೈನ್‌ಗೂ ಖ. ಅವರ ಕಿವಿಯಿಂದ ಬೇರ್ಪಡಿಸಲು ಬರುವುದಿಲ್ಲ.

ಇನ್ನೊಂದು ಅಡ್ಡದಾರಿ ಇದೆ, ಹೇಳದೆ ಇರಲಾರೆ. ಅರಮಾಯಿಕ್‌ನಲ್ಲಿ ಅಯಿನ್‌ಗೆ ಮೂರನೆಯ ಬಾಡಿಗೆದಾರನೂ ಬಂದು ಸೇರಿದ. ಅರಬ್ಬಿಯಲ್ಲಿ ಭೂಮಿ ‘ಅರ್ದ್’, ಹೀಬ್ರೂನಲ್ಲಿ ‘ಎರೆತ್ಸ್’. ಆ ಕೊನೆಯ ಧ್ವನಿಯನ್ನು ಹಳೇ ಅರಮಾಯಿಕ್ ಕ ಥರದ ‘ಕೋಫ್’ ಅಕ್ಷರದಿಂದ ಬರೆಯಿತು, ಆಮೇಲೆ ಅಯಿನ್‌ನಿಂದ. ಯೆರೆಮೀಯ 10:11 ಆ ಗ್ರಂಥದಲ್ಲಿ ಅರಮಾಯಿಕ್‌ನಲ್ಲಿರುವ ಒಂದೇ ಒಂದು ವಚನ. ಅದರೊಳಗೆ ಭೂಮಿ ಒಮ್ಮೆ ‘ಅರ್ಕಾ’, ಕೆಲವೇ ಪದ ದಾಟಿದರೆ ‘ಅರ್ಆ’. ಒಂದೇ ವಚನ, ಒಂದೇ ಪದ, ಎರಡು ಕಾಗುಣಿತ. ಬದಲಾವಣೆ ನಡೆಯುತ್ತಿರುವಾಗಲೇ ಯಾರೋ ಹಿಡಿದು ಇಟ್ಟಂತಿದೆ.

ಹಳಗನ್ನಡ_ಪ್ರೇಮಿ:

ಅಕ್ಷರದ ಆಕಾರದ ಬಗ್ಗೆ ಯಾರೂ ಬರೆಯಲಿಲ್ಲ. ಅಯಿನ್ ಅಂದರೆ ಕಣ್ಣು. ಸೀನಾಯ್ ಗಣಿಗಳ ಸೆರಾಬಿತ್ ಎಲ್ ಖಾದಿಮ್‌ನಲ್ಲಿ ಫ್ಲಿಂಡರ್ಸ್ ಪೆಟ್ರಿಗೆ 1905ರಲ್ಲಿ ಸಿಕ್ಕ ಬರಹಗಳಲ್ಲಿ ಅದು ಕಣ್ಣಿನ ಚಿತ್ರವೇ. 1916ರಲ್ಲಿ ಅಲನ್ ಗಾರ್ಡಿನರ್ ಆ ಕಣ್ಣನ್ನು ಅಯಿನ್ ಅಂತ ಹಿಡಿದು ‘ಬಾಲತ್’ ದೇವಿಯ ಹೆಸರು ಓದಿದರು. ಫಿನೀಷಿಯನ್ನರಲ್ಲಿ ಬರೀ ವೃತ್ತವಾಯಿತು. ಗ್ರೀಕರಿಗೆ ಧ್ವನಿ ಬೇಡವಾಗಿತ್ತು, ವೃತ್ತವನ್ನು ಇಟ್ಟುಕೊಂಡು ‘ಒ’ ಸ್ವರ ಮಾಡಿಕೊಂಡರು. ಇಂಗ್ಲಿಷಿನ ಓ ಅದೇ.

ಸಂಶಯಾತ್ಮ:

ನಾನು ಮುಕ್ಕಾಲು ಪಾಲು ಒಪ್ಪಿದ್ದೇನೆ, ಒಂದು ಕಾಲು ಬಾಕಿ. ಅರಬ್ಬಿ-ಉಗಾರಿತ್-ಗ್ರೀಕ್ ಮೂರೂ ಒಂದೇ ತಾಳ ಹಾಕುತ್ತವೆ ಅಂದಿರಿ. ಹಾಗಾದರೆ ಸೂರ್ಯ ಮುಳುಗುವುದು? ಅರಬ್ಬಿಯಲ್ಲಿ ಗ಼-ರ-ಬ, ಮಗ್ರಿಬ್ ನಮಾಜಿನ ಧಾತು, ಗ಼ೈನ್. ಹೀಬ್ರೂ ಸಂಜೆ ‘ಎರೆವ್’, ಅಯಿನ್. ಇಲ್ಲಿಯವರೆಗೆ ಸರಿ. ಆದರೆ ಉಗಾರಿತ್‌ನಲ್ಲಿ ಸೂರ್ಯಾಸ್ತಕ್ಕೆ ಬರೆದಿರುವುದು ಗ಼ೈನ್ ಅಲ್ಲ, ಐನ್. ತಾಳ ತಪ್ಪಿತಲ್ಲ?

ಗಂಟಲಕ್ಷರ:

ತಪ್ಪಿದೆ, ನಿಜ. ಉಗಾರಿತ್‌ನಲ್ಲಿ ಆ ಪದದ ಅರ್ಥ ‘ಒಳಹೋಗು’, ಸೂರ್ಯ ಒಳಗೆ ಹೋಗುವುದು. ಅಕ್ಕಾಡಿಯನ್‌ನಲ್ಲೂ ಸೂರ್ಯಾಸ್ತಕ್ಕೆ ಸೂರ್ಯನ ಪ್ರವೇಶ ಅಂತಲೇ ಹೇಳುತ್ತಾರೆ. ಅರಬ್ಬಿಯ ಗ಼-ರ-ಬ ಧಾತುವಿನಲ್ಲಿ ದೂರ ಹೋಗು, ಪರದೇಶಿಯಾಗು ಅನ್ನುವ ಅರ್ಥ ಮುಖ್ಯ, ಭೀಮಾ_ದಂಡಿ ಅವರ ಗರೀಬ ಮೊದಲು ಪರದೇಶಿಯೇ. ಇವು ಎರಡು ಬೇರೆ ಧಾತುಗಳಾಗಿದ್ದು ಹೀಬ್ರೂ ಸಂಜೆ ಉಗಾರಿತ್‌ನ ಕಡೆಯದು ಅಂತ ಒಂದು ಪಕ್ಷ. ಧಾತು ಒಂದೇ, ಎಲ್ಲೋ ಒಂದು ಕಡೆ ಧ್ವನಿ ಜಾರಿತು ಅಂತ ಇನ್ನೊಂದು ಪಕ್ಷ. ನನ್ನ ಮತ ಮೊದಲನೆಯದಕ್ಕೆ. ಅರಬ್ಬಿಯೊಂದನ್ನೇ ನೋಡಿ ಹೀಬ್ರೂ ಅಯಿನ್ ಹಿಂದೆ ಗ಼ ಇತ್ತು ಅಂತ ಬರೆಯುವವರನ್ನು ಈ ಪದ ಆಗಾಗ ಕೆಡವುತ್ತದೆ. ಗ್ರೀಕ್ ಅಥವಾ ಉಗಾರಿತ್‌ನ ಎರಡನೇ ಸಾಕ್ಷಿ ಇಲ್ಲದ ಪದಕ್ಕೆ ನಾನು ಗ಼ ಹಚ್ಚುವುದಿಲ್ಲ.

ಸಂಶಯಾತ್ಮ:

ಆ ಷರತ್ತು ಇದ್ದರೆ ನನ್ನ ಉಳಿದ ಕಾಲು ಭಾಗವೂ ನಿಮ್ಮ ಕಡೆ. ಹೇತ್‌ಗೂ ಇಬ್ಬರು ಯಜಮಾನರು ಅಂದಿರಲ್ಲ, ಅದಕ್ಕೆ ಪುರಾವೆ ಬೇಕು.

ಮೇಟಿ (ನಿರ್ವಾಹಕ):

ಹೇತ್‌ಗೆ ಹೊಸ ಥ್ರೆಡ್ ತೆರೆದಿದ್ದೇನೆ, ಎಲ್ಲರೂ ಅಲ್ಲಿ ಬನ್ನಿ. ಕಡಲ_ಮಗಳು, ಶನಿವಾರ ಅಜ್ಜಿಯ ತಮ್ಮ ಗಿಮೆಲ್ ಹೇಗೆ ಹೇಳಿದರು ಅನ್ನುವುದನ್ನು ಮಾತ್ರ ಇಲ್ಲೇ ಹಾಕಿ, ಇದನ್ನು ಮುಚ್ಚುವುದಿಲ್ಲ.